ಕರುವಿನ ಬೆನ್ನ ಮೇಲಿನ ಕೈ

ಹಗರೆ, ಭಾನುವಾರ

ಅರಸೀಕೆರೆ ಕಾಲೇಜಿನ ಇಂದ್ರೇಶ್ ಮೇಷ್ಟ್ರಿಗೆ ಹಗರೆ ಚಿಕ್ಕಣ್ಣನ ನಮಸ್ಕಾರ.

ಐವತ್ತು ವರ್ಷದ ಹಿಂದೆ ನಮ್ಮೂರಲ್ಲಿ ತೆಗೆದ ಸಿನಿಮಾದ ಮೇಲೆ ನೀವು ಬರೆದ ಪುಸ್ತಕವನ್ನು ಮೊಮ್ಮಗಳು ಮಧುಶ್ರೀ ಓದಿ ಹೇಳಿದಳು. ಕೊನೇ ದೃಶ್ಯದ ಪಾಠ ಮಾಡುವಾಗ ನಿಮ್ಮ ಕಣ್ಣಲ್ಲಿ ನೀರು ಬಂತಂತೆ.

ಅಲ್ಲಿ ಸಂಗೀತ ಬಿಟ್ಟು ಬರೀ ಹಸುವಿನ ಕೂಗು ಕೇಳಿಸಿದ್ದು ನಿರ್ದೇಶಕರ ಜಾಣ್ಮೆ ಅಂದಿದ್ದೀರಿ. ಆ ಕೂಗಿಗೋಸ್ಕರ ನಮ್ಮ ಹತ್ತು ದಿನದ ಕರುವನ್ನು ಮೂರು ದಿನ ಹಾಲಿಗೆ ಬಿಡಲಿಲ್ಲ. ದೂರ ಕಟ್ಟಿಹಾಕಿದವನು ನಾನೇ. ಸಿನಿಮಾದಲ್ಲಿ ನೀನೂ ಕಾಣಿಸ್ತೀಯ ಅಂತ ನಿರ್ದೇಶಕರು ಅಂದಿದ್ದರು. ನಾಲ್ಕನೇ ದಿನ ಬೆಳಿಗ್ಗೆ ಕರು ಸತ್ತುಹೋಗಿತ್ತು.

ಕರು ಕಾಣದಿದ್ದರೆ ಹಸು ಹಾಲು ಕೊಡೋಲ್ಲ ಅಂತ, ಸತ್ತ ಕರುವಿನ ಚರ್ಮಕ್ಕೆ ಹುಲ್ಲು ತುಂಬಿ ಮುಂದೆ ನಿಲ್ಲಿಸೋದು ಆಗೆಲ್ಲ ನಮ್ಮ ಕಡೆ ಇದ್ದದ್ದೇ. ನಿರ್ದೇಶಕರಿಗೆ ಅದನ್ನು ಹೇಳಿಕೊಟ್ಟವನೂ ನಾನೇ. 'ಕರುವಿನ ನಿಶ್ಚಲತೆಯೇ ಶಾಂತಿ' ಅಂತ ನೀವು ಬರೆದಿರೋದು ಆ ಹುಲ್ಲಿನ ಕರುವನ್ನು ನೋಡಿ. ಅದರ ಬೆನ್ನ ಮೇಲೆ ಹತ್ತಿರದಿಂದ ತೋರಿಸಿದ ಕೈ 'ರೈತನ ಕರುಣೆ' ಅಂದಿದ್ದೀರಿ. ಆ ಕೈ ನಂದು. ಚರ್ಮ ಮಗುಚಿ ಬೀಳದ ಹಾಗೆ ಹಿಡಿದುಕೊಂಡಿದ್ದೆ. ಶೂಟಿಂಗ್ ಮುಗಿದ ಮೇಲೆ ಅದೇ ಹಸುವಿನ ಹಾಲು ಕರೆದು ಎಲ್ಲರಿಗೂ ಕಾಫಿ ಮಾಡಿದೆವು.

ಹದಿನೆಂಟನೇ ತಾರೀಖು ವೇದಿಕೆ ಮೇಲೆ ಆ ಕೈಗೆ ಸನ್ಮಾನ ಅಂತ ಕಾಗದ ಹಾಕಿದ್ದೀರಿ. ಬರ್ತೀನಿ. ಬಸ್ ಹತ್ತೋಕೆ ಮಂಡಿ ಬಗ್ಗೋಲ್ಲ, ಕಾರು ಕಳಿಸಿ.

ಪುಸ್ತಕಕ್ಕೆ ಒಂದು ಮಾತು ಸೇರಿಸಿಕೊಳ್ಳಿ. ಕರುವನ್ನು ನೆಕ್ಕಿ ಮುಗಿಸಿದ ಹಸು ನನ್ನ ಕೈಯನ್ನೂ ನೆಕ್ಕಿತು. ಸಿನಿಮಾದಲ್ಲಿ ಅಷ್ಟನ್ನು ಮಾತ್ರ ಕತ್ತರಿಸಿದ್ದಾರೆ.

ಇಂತಿ,
ಚಿಕ್ಕಣ್ಣ