ಮೂವತ್ತೊಂದನೇ ಸಂಖ್ಯೆ ನಮ್ಮ ಅತ್ತೆ

ಸಂಶೋಧನಾ ಪರಿಶೀಲನಾ ಸಮಿತಿಯ ಮಾನ್ಯ ಅಧ್ಯಕ್ಷರೇ,

ನನ್ನ ಪ್ರಬಂಧವನ್ನು ‘ಮಾದರಿ ವಿನ್ಯಾಸ’ ಎಂದು ಹೊಗಳಿದ್ದೀರಿ. ಮುಂದಿನ ವರ್ಷ ಹೊಸ ವಿದ್ಯಾರ್ಥಿಗಳಿಗೆ ಅದನ್ನೇ ಪಾಠವಾಗಿ ಇಡುತ್ತೀರೆಂದು ನಿನ್ನೆ ಸೂಚನಾ ಫಲಕದಲ್ಲಿ ಓದಿದೆ. ದಯವಿಟ್ಟು ಆ ಹೊಗಳಿಕೆಯನ್ನು ವಾಪಸ್ ತೆಗೆದುಕೊಳ್ಳಿ. ಆ ಮಾದರಿಯಿಂದಾಗಿ ನಮ್ಮ ಅತ್ತೆಗೆ ಓದುವ ಭಾಗ್ಯ ಈ ಜನ್ಮಕ್ಕಿಲ್ಲ.

ನನಗೆ ಮದುವೆಯಾಗಿ ಒಂಬತ್ತು ತಿಂಗಳು. ಗಂಡನ ಬೈಕಿನ ಸದ್ದು ಕೇಳಿದರೆ ಈಗಲೂ ಓಡಿಹೋಗಿ ಕನ್ನಡಿ ನೋಡಿಕೊಳ್ಳುತ್ತೇನೆ. ಅಷ್ಟು ಸುಖಿ! ಆ ಗಂಡ ಸಿಕ್ಕಿದ್ದೂ ನಿಮ್ಮ ಕೃಪೆಯಿಂದಲೇ. ಓದು ಬಾರದ ನಲವತ್ತು ಹೆಂಗಸರನ್ನು ಸೇರಿಸಿ, ಚೀಟಿ ಎತ್ತಿ, ಇಪ್ಪತ್ತು ಮಂದಿಗೆ ಒಂದು ವರ್ಷ ಕಲಿಸಬೇಕು, ಉಳಿದ ಇಪ್ಪತ್ತು ಮಂದಿ ಏನೂ ಕಲಿಯದೆ ಕಾಯಬೇಕು, ಆಮೇಲೆ ಎರಡೂ ಗುಂಪನ್ನು ಹೋಲಿಸಬೇಕು. ಇದು ನಿಮ್ಮ ಒಪ್ಪಿಗೆ ಪಡೆದ ನನ್ನ ವಿನ್ಯಾಸ. ಕಾದವರಿಗೆ ವರ್ಷದ ನಂತರ ತರಗತಿ ಎಂದು ಮಾತು ಕೊಟ್ಟೆವು. ಬಟ್ಟೆ ಹೊಲಿಯುವ ಒಬ್ಬ ತಾಯಿ ಕಾಯುವ ಗುಂಪಿಗೆ ಬಿದ್ದರು. ಗಿರಾಕಿಗಳ ಹೆಸರು ಬರೆಯಲು ಬಾರದೆ ಒಬ್ಬೊಬ್ಬರ ಬಟ್ಟೆಗೂ ಒಂದೊಂದು ಬಣ್ಣದ ದಾರ ಕಟ್ಟಿ ಗುರುತಿಟ್ಟುಕೊಳ್ಳುತ್ತಿದ್ದವರು. ನನ್ನ ಪಟ್ಟಿಯಲ್ಲಿ ಅವರ ಸಂಖ್ಯೆ ಮೂವತ್ತೊಂದು. ಅವರ ಮಗ ಜಗಳಕ್ಕೆ ಬಂದರು. ಮಾರನೆಯ ದಿನವೂ ಬಂದರು. ನಾಲ್ಕನೆಯ ತಿಂಗಳಿಗೆ ಲಗ್ನಪತ್ರಿಕೆ ಅಚ್ಚಾಯಿತು.

“ಇದ್ರಲ್ಲಿ ನನ್ನ ಹೆಸರೆಲ್ಲಿದೆ, ತೋರಿಸಮ್ಮ,” ಎಂದರು ಅತ್ತೆ.

“ತೋರಿಸೋ ಹಾಗಿಲ್ಲ ಅತ್ತೆ. ಇನ್ನೆಂಟು ತಿಂಗಳು ತಡೀರಿ, ನೀವೇ ಓದೋರಂತೆ.”

“ಮನೆಗೆ ಬರ್ತಿರೋದು ಸೊಸೇನೋ, ಇನ್ಸ್‌ಪೆಕ್ಟರೋ?” ಎಂದು ನಕ್ಕರು. ನಾನೂ ನಕ್ಕೆ. ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿ ಸಾಲಿನಲ್ಲಿ ನಿಂತು, ಕೈಕಟ್ಟಿ, ನಿಯಮ ಪಾಲಿಸಿ ಬಹುಮಾನ ಗೆದ್ದವಳು ನಾನು. ನಿಮಗೆ ಬೇಕಾದದ್ದೂ ಅಂಥವಳೇ ತಾನೆ?

ಅಧ್ಯಯನದ ಆರನೆಯ ತಿಂಗಳಲ್ಲಿ ಕಣ್ಣಿನ ವೈದ್ಯರು, ಅತ್ತೆಯ ದೃಷ್ಟಿಯ ನಡುಭಾಗ ಹೋಗುತ್ತಿದೆ, ಹೋದದ್ದು ಮರಳುವುದಿಲ್ಲ ಎಂದರು. “ಓದೋದೇನಿದ್ರೂ ಈ ನಾಲ್ಕೈದು ತಿಂಗಳಲ್ಲೇ ಓದ್ಕೊಂಡುಬಿಡಿ ಅಮ್ಮ.” ಮನೆಗೆ ಬಂದ ಮೇಲೆ ನನ್ನವರು, “ಇವತ್ತೇ ಶುರು ಮಾಡೇ, ಯಾರು ನೋಡ್ತಾರೆ?” ಎಂದರು. “ನಾನು ನೋಡ್ತೀನಲ್ಲ,” ಎಂದೆ. ಎಂಥ ಪ್ರಾಮಾಣಿಕತೆ! ಅದಕ್ಕೊಂದು ಪದಕ ಕೊಡುವುದನ್ನು ನೀವು ಮರೆತಿದ್ದೀರಿ.

ನಿಮಗೆ ಪತ್ರ ಬರೆದೆ. ಈಕೆ ಕಾಯಲಾರರು, ಕಲಿಯುವ ಗುಂಪಿಗೆ ಸೇರಿಸುತ್ತೇನೆ ಅಥವಾ ಅಧ್ಯಯನದಿಂದಲೇ ಬಿಡುತ್ತೇನೆ ಎಂದು ಬೇಡಿಕೊಂಡೆ. “ವೈಯಕ್ತಿಕ ಸಂಬಂಧಗಳು ವಿನ್ಯಾಸದ ಮೇಲೆ ಪ್ರಭಾವ ಬೀರತಕ್ಕದ್ದಲ್ಲ. ಗುಂಪು ಹದಿನೆಂಟಕ್ಕಿಂತ ಕಡಿಮೆಯಾದರೆ ಅಧ್ಯಯನ ಅಮಾನ್ಯ.” ಇಷ್ಟೇ ಉತ್ತರ. ಕಾಯುವವರಲ್ಲಿ ಇಬ್ಬರು ಊರು ಬಿಟ್ಟಿದ್ದರು, ಹದಿನೆಂಟೇ ಉಳಿದಿದ್ದರು. ಹದಿನೆಂಟನೆಯವರು ನಮ್ಮ ಅತ್ತೆ. ಒಂದು ಕಡೆ ನನ್ನ ಪದವಿ, ಇನ್ನೊಂದು ಕಡೆ ಅವರ ಕಣ್ಣು. ನಾನು ಪದವಿಯನ್ನು ಆರಿಸಿಕೊಂಡೆ. ಅದನ್ನು ನಿಮ್ಮ ತಲೆಗೆ ಕಟ್ಟುವುದಿಲ್ಲ. ಆದರೆ ತಕ್ಕಡಿ ತಂದಿಟ್ಟವರು ನೀವು.

ಕೊನೆಯ ಪರೀಕ್ಷೆಯ ದಿನ ಅಡುಗೆಮನೆಯ ಮೇಜಿನ ಮೇಲೆ ಹಾಳೆ ಇಟ್ಟೆ. ಅತ್ತೆ ಕೋಳಿಯ ಹಾಗೆ ಕತ್ತು ಓರೆ ಮಾಡಿ, ಕಣ್ಣಂಚಿನಿಂದ ಹುಡುಕಿದರು. “ಹೊಗೆ ಕಾಣ್ತದಮ್ಮ. ಏನೂ ಬರ್ದಿಲ್ವೇನೋ ಇದ್ರಲ್ಲಿ?” ನಾನು ಸೊನ್ನೆ ಹಾಕಿದೆ.

ಮೊದಲ ಪರೀಕ್ಷೆಯಲ್ಲಿ ಅವರು ನಾಲ್ಕು ಅಕ್ಷರ ಗುರುತಿಸಿದ್ದರು. ನಾಲ್ಕಿದ್ದದ್ದು ಸೊನ್ನೆಗೆ ಇಳಿದಿತ್ತು. ಮೊದಲ ಸೆಮಿಸ್ಟರಿನಲ್ಲಿ ಸಂಶೋಧನೆಯನ್ನು ಓದುವುದು ಹೇಗೆ ಎಂದು ನಮಗೆ ಕಲಿಸಿದವರು ನೀವೇ: “ಲೇಖಕರ ಮಾತು ನಂಬಬೇಡಿ, ಕೋಷ್ಟಕ ನೋಡಿ. ಎಲ್ಲಾದರೂ ಒಂದು ಸಂಖ್ಯೆ ವಿಚಿತ್ರವಾಗಿ ಕಂಡರೆ ಅಲ್ಲೇ ನಿಲ್ಲಿ.” ಮೌಖಿಕ ಪರೀಕ್ಷೆಯಲ್ಲಿ ನನ್ನ ಪ್ರಬಂಧದ ಕೋಷ್ಟಕದ ಮೇಲೆ ನಿಮ್ಮ ಬೆರಳು ಜಾರುತ್ತಾ ಹೋಯಿತು. ಮೂವತ್ತೊಂದರ ಬಳಿ ನಿಂತೀತೇನೋ ಎಂದು ಕಾದೆ. ನಿಲ್ಲಲಿಲ್ಲ. “ಕಾಯುವ ಗುಂಪು ಎಷ್ಟು ಸ್ವಚ್ಛವಾಗಿದೆ!” ಎಂದಿರಿ. ಒಂದು ವರ್ಷದಲ್ಲಿ ಮನುಷ್ಯರು ನಾಲ್ಕು ಅಕ್ಷರ ಮರೆಯುವುದು ಹೇಗೆ ಸ್ವಾಮಿ? ಓದುವುದನ್ನು ಕಲಿಸುವ ವೃತ್ತಿಯಲ್ಲಿ ನೀವು ಎಷ್ಟು ವರ್ಷಗಳಿಂದ ಇದ್ದೀರಿ?

ಇದನ್ನು ಬರೆಯುವಾಗ ಅತ್ತೆ ಪಕ್ಕದಲ್ಲಿ ಕೂತು, ಕೈಯಲ್ಲೇ ತಡಕಿ ಗುಂಡಿ ಹೊಲಿಯುತ್ತಿದ್ದರು. ಯಾರಿಗೆ ಪತ್ರ ಎಂದು ಕೇಳಿದರು. ಹೇಳಿದೆ.

“ದಪ್ಪ ಅಕ್ಷರದಲ್ಲಿ ಬರಿ ಮಗಳೇ,” ಎಂದರು. “ಪಾಪ, ಅವ್ರಿಗೂ ಕಾಣ್ಸಲ್ಲ.”

ದಪ್ಪ ಅಕ್ಷರದಲ್ಲೇ ಕೇಳುತ್ತಿದ್ದೇನೆ. ನನ್ನ ಪ್ರಬಂಧವನ್ನು ಪಾಠವಾಗಿ ಇಡುವುದಾದರೆ ಆ ಸೊನ್ನೆಯ ಕೆಳಗೆ ಈ ಪತ್ರವನ್ನೂ ಅಚ್ಚುಹಾಕಿ. ಕಾಯಲಾರದವರನ್ನು ಇನ್ನು ಮುಂದೆ ಚೀಟಿಗೆ ಒಡ್ಡಬೇಡಿ. ಅಧ್ಯಯನ ಮುಗಿದ ಮರುದಿನವೇ ನೀವು ಬೀಗ ಹಾಕಿಸಿದ ತರಗತಿಯ ಕೋಣೆಯನ್ನು ಸೋಮವಾರ ತೆರೆಸಿ. ಮಾತು ನಂಬಿ ಕಾದಿರುವ ಹದಿನೇಳು ಮಂದಿಗೆ ಇನ್ನೂ ಕಣ್ಣು ಕಾಣುತ್ತದೆ. ಕಲಿಸಲು ನಾನು ಬರುತ್ತೇನೆ.

ಇಂತಿ,
ನಿಮ್ಮ ಒಂದು ನಿಯಮವನ್ನೂ ಮುರಿಯದೆ ಮನೆ ಬೆಳಗಿದ
ಮೂವತ್ತೊಂದನೇ ಸಂಖ್ಯೆಯ ಸೊಸೆ