ದಯವಿಟ್ಟು ಆ ಮುದುಕರನ್ನು ಸುಳ್ಳುಗಾರರನ್ನಾಗಿ ಮಾಡಿ

ಮಾನ್ಯ ದೇವಾಲಯದ ಮೇಲ್ವಿಚಾರಕರೇ,

ಊರಬಾಗಿಲ ಬಳಿ ನಿಮಗೆ ಸಿಗುತ್ತಿದ್ದ ಮಡಕೆ ಚೂರುಗಳ ಮೇಲೆ ಬರೆದವನು ನಾನೇ. ನಿನ್ನೆಯವರೆಗೂ ಇದನ್ನು ಸ್ವಂತ ಅಕ್ಕನಿಗೂ ಹೇಳಿರಲಿಲ್ಲ. ಪ್ರವಾದಿ ಪೆಲಾಯರು ಆಡು ಮೇಯಿಸಿ ಮುದುಕರಾದವರು, ಅಕ್ಷರ ಬಾರದು. ಅವರು ಹೇಳಿದ್ದನ್ನು ನಾನು ಮಸಿಯಲ್ಲಿ ಬರೆದು ಬಾಗಿಲ ಬುಡದಲ್ಲಿ ಇಟ್ಟು ಬರುತ್ತಿದ್ದೆ. ಆದ್ದರಿಂದ ಕುಂಬಾರರ ಓಣಿಗೆ ಆಳುಗಳನ್ನು ಕಳಿಸಿ ಸಿಕ್ಕಸಿಕ್ಕವರನ್ನು ಹೊಡೆಸುವುದನ್ನು ನಿಲ್ಲಿಸಿ. ಮಡಕೆ ಮಾಡಿದ್ದಷ್ಟೇ ಅವರ ತಪ್ಪು. ನನ್ನ ಅಕ್ಷರ ಸೊಟ್ಟಗಿರುವುದಕ್ಕೂ ಕಾರಣವಿದೆ. ಲಿಪಿಕಾರರ ಶಾಲೆಯಲ್ಲಿ ಗುರುಗಳು "ಹೇಳಿದ್ದನ್ನಲ್ಲ ಕಣೋ, ದೊಡ್ಡವರಿಗೆ ಹಿತವಾಗೋದನ್ನ ಬರಿ" ಎಂದು ಬೆನ್ನಿಗೆ ಬಾರಿಸಿದ ದಿನವೇ ಶಾಲೆ ಬಿಟ್ಟವನು ನಾನು.

ನನ್ನ ದೂರು ಇಷ್ಟೇ. ಎಲ್ಲರೆದುರು ಬಿಡುಗಡೆ ಮಾಡಿದ ನನ್ನ ಅಕ್ಕ ಅಟಾರಾಳನ್ನು ನೀವೇ ಮತ್ತೆ ಹಿಡಿಸಿ ತಂದು ಕಿವಿ ಚುಚ್ಚಿಸಿದ್ದೀರಿ. ಅದು ಪಾಪ ಎಂದ ಪೆಲಾಯರ ಕೈಕಾಲನ್ನು ಕೋಳಕ್ಕೆ ಹಾಕಿಸಿದ್ದೀರಿ.

ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಶಾಲೆಗೆ ಕಳಿಸಲೆಂದು ಅಕ್ಕ ತಾನಾಗಿ ನಿಮ್ಮ ಮನೆಗೆ ದಾಸಿಯಾಗಿ ಬಂದಳು. ಆರು ವರ್ಷ ದುಡಿದ ನಮ್ಮ ಜನರನ್ನು ಏಳನೆಯ ವರ್ಷ ಬಿಟ್ಟು ಕಳಿಸಬೇಕು ಎಂದು ಧರ್ಮಶಾಸ್ತ್ರ ಹೇಳುತ್ತದೆ. ಅದನ್ನು ಹಬ್ಬಹಬ್ಬಕ್ಕೂ ಓದಿಸುವವರು ನೀವೇ. ಆದರೆ ನಿಮ್ಮ ಮನೆಯಲ್ಲಿ ಮಾತ್ರ ಆರರ ನಂತರ ಮತ್ತೆ ಒಂದು ಬರುತ್ತಿತ್ತು. ಬಾಬಿಲೋನಿನ ಸೈನ್ಯ ಕೋಟೆಯನ್ನು ಸುತ್ತಿ ಕೂತಾಗ ನಿಮಗೆ ಏಕಾಏಕಿ ಎಣಿಕೆ ನೆನಪಾಯಿತು. ಅಧಿಕಾರಿಗಳು, ಯಾಜಕರು, ಸಿರಿವಂತರು ದೇವಾಲಯದ ಅಂಗಳದಲ್ಲಿ ಸೇರಿದಿರಿ. ಕರುವೊಂದನ್ನು ಎರಡು ಹೋಳು ಮಾಡಿ, ಹೋಳುಗಳ ನಡುವೆ ಒಬ್ಬೊಬ್ಬರಾಗಿ ನಡೆದಿರಿ. ದಾಸದಾಸಿಯರನ್ನು ಬಿಟ್ಟಿದ್ದೇವೆ, ಮಾತಿಗೆ ತಪ್ಪಿದರೆ ನಮಗೂ ಈ ಕರುವಿನ ಗತಿಯೇ ಬರಲಿ ಎಂದು ಆಣೆಯಿಟ್ಟಿರಿ. ನಾನು ಗುಂಪಿನಲ್ಲಿ ನಿಂತು ನೋಡಿದೆ. ನೀವು ನಿಲುವಂಗಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನಡೆದಿರಿ. ಅಂಚಿಗೆ ಒಂದು ಹನಿ ರಕ್ತವೂ ತಾಗಲಿಲ್ಲ. ಎಷ್ಟು ಅಭ್ಯಾಸವಿದ್ದ ನಡಿಗೆ!

ಅಕ್ಕ ಮನೆಗೆ ಬಂದಳು. ಊರಲ್ಲಿ ರೊಟ್ಟಿಗೆ ಹೊಡೆದಾಟ, ನಮ್ಮ ಗುಡಾಣದಲ್ಲಿ ಒಂದು ಹಿಡಿ ಜವೆಗೋದಿ. ಆದರೂ ಅವಳು ಬೆಳಗಾಗುವ ಮೊದಲೇ ಎದ್ದು ಒಬ್ಬಳೇ ನಗುತ್ತಾ ಕೂತಿದ್ದಳು. ಏನಕ್ಕಾ ಎಂದೆ. "ಇವತ್ತು ಎಷ್ಟೊತ್ತು ಬೇಕಾದ್ರೂ ಮಲ್ಕೋಬಹುದು ಅಂತ ನೆನಪಾಯ್ತು ಕಣೋ. ಆ ಖುಷಿಗೆ ಎಚ್ಚರ ಆಗೋಯ್ತು" ಎಂದಳು.

ಆಮೇಲೆ ನಮ್ಮ ನೆರವಿಗೆ ಐಗುಪ್ತದ ದಂಡು ಬರುತ್ತಿದೆಯೆಂಬ ಸುದ್ದಿ ಬಂತು. ಬಾಬಿಲೋನಿನವರು ಡೇರೆ ಕಿತ್ತು ಅದನ್ನು ಎದುರಿಸಲು ಅತ್ತ ಹೋದರು. ಜನ ಗೋಡೆಯ ಮೇಲೆ ಹತ್ತಿ ಕುಣಿದರು. ಅವರ ರಥಗಳ ಧೂಳು ಇನ್ನೂ ಕಾಣುತ್ತಿರುವಾಗಲೇ ನಿಮ್ಮ ಆಳು ನಮ್ಮ ಹೊಸ್ತಿಲಲ್ಲಿದ್ದ.

"ನಡಿಯಮ್ಮ, ಹಬ್ಬ ಮುಗೀತು. ಬೀಸೋಕೆ ರಾಶಿ ಬಿದ್ದಿದೆ."

"ಬಿಟ್ಟಾಯ್ತಲ್ಲಪ್ಪ, ಕರು ಕಡಿದು?" ಎಂದಳು ಅಕ್ಕ.

"ಕರು ಕಡ್ದಿದ್ದು ಆ ಸೈನ್ಯ ಬಂತು ಅಂತ. ಸೈನ್ಯಾನೇ ಹೋಯ್ತಲ್ಲ!"

ಆಳಿಗೆ ಇಷ್ಟು ಚೊಕ್ಕವಾಗಿ ಶಾಸ್ತ್ರ ಕಲಿಸಿದವರು ಯಾರು, ಮಾನ್ಯರೇ?

ಈ ಸಲ ನೀವು ಗಟ್ಟಿ ಕೆಲಸ ಮಾಡಿದಿರಿ. ಬಿಡುಗಡೆ ಬೇಡವೆನ್ನುವ ದಾಸಿ, "ಯಜಮಾನರನ್ನು ಪ್ರೀತಿಸುತ್ತೇನೆ, ಹೋಗಲಾರೆ" ಎಂದು ತಾನೇ ಹೇಳಿದರೆ, ಅವಳ ಕಿವಿಯನ್ನು ಬಾಗಿಲಿಗೆ ಒತ್ತಿ ದಬ್ಬಳದಿಂದ ಚುಚ್ಚುವುದು ನಮ್ಮ ಪದ್ಧತಿ. ಅಲ್ಲಿಂದ ಅವಳಿಗೆ ಏಳನೆಯ ವರ್ಷವೆಂಬುದೇ ಇಲ್ಲ. ಅಟಾರಾ ನಿಮ್ಮ ಬಾಗಿಲಲ್ಲಿ ಆ ಮಾತು ಹೇಳಿದಳು. ನೆಲ ನೋಡುತ್ತಾ ಹೇಳಿದಳು. ನೀವು ಹಿರಿಯರ ಕಡೆ ತಿರುಗಿ, "ಕೇಳಿದ್ರಲ್ಲ, ಅವಳಾಗೇ ಹೇಳಿದ್ಳು" ಎಂದಿರಿ. ಬೆನ್ನ ಹಿಂದೆ ಕೋಲು ಹಿಡಿದವನು ನಿಂತಿದ್ದರೆ ಯಾರಿಗೆ ತಾನೆ ಪ್ರೀತಿ ಹುಟ್ಟುವುದಿಲ್ಲ? ನಾನು ಅಂಗಳದಲ್ಲೇ ಇದ್ದೆ. ಕೂಗಲಿಲ್ಲ, ಅಡ್ಡ ಬರಲಿಲ್ಲ. ಬಂದಿದ್ದರೂ ಕೋಲು ಎರಡು ಪೆಟ್ಟು ಹೆಚ್ಚು ಕೆಲಸ ಮಾಡುತ್ತಿತ್ತು, ಅಷ್ಟೆ.

ಅಂದು ಸಂಜೆ ಪೆಲಾಯರು ದೇವಾಲಯದ ಮೆಟ್ಟಿಲ ಮೇಲೆ ನಿಂತು ಕೇಳಿದರು: "ಸೀಳಿದ ಕರು ಮತ್ತೆ ಎದ್ದು ತಾಯಿ ಹತ್ರ ಹೋಯ್ತಾ? ಹೋಗಿದ್ರೆ ನಿಮ್ಮ ಆಣೆಯೂ ಬಿಟ್ಟುಹೋಯ್ತು. ಇಲ್ದಿದ್ರೆ, ಹೋದ ಸೈನ್ಯ ಬರುತ್ತೆ. ಬೆಂಕಿ ತರುತ್ತೆ. ತಿರುಗಿಕೊಳ್ಳಿ, ಯೆಹೋವನು ಇನ್ನೂ ಕಾಯ್ತಿದ್ದಾನೆ." ಮರುದಿನ ಅವರು ಕೋಳದಲ್ಲಿದ್ದರು. ನೀರು ಕುಡಿಸಲು ಹೋದೆ.

"ಅಜ್ಜಾ, ಆ ಬೆಂಕಿ ನಿಜವಾಗ್ಲೂ ಬರುತ್ತಾ?"

"ಬರುತ್ತೆ ಮಗಾ. ಮೊದ್ಲು ಮೂಗು ಕೆರಿ, ನೊಣ ಕೂತಿದೆ."

ಕೆರೆದೆ. "ಬಂದ್ರೆ ನಮ್ಮಕ್ಕ?"

"ಬೆಂಕಿಗೆ ಯಜಮಾನ ಯಾರು, ದಾಸಿ ಯಾರು ಅಂತ ಗೊತ್ತಾಗಲ್ಲ ಕಣೋ. ನನ್ನ ಮಾತು ಸುಳ್ಳಾಗ್ಲಿ ಅಂತ ದಿನಾ ಬೇಡ್ಕೋತೀನಿ. ಆದ್ರೆ ಅದನ್ನ ಸುಳ್ಳು ಮಾಡೋದು ನನ್ನ ಕೈಲಿಲ್ಲ. ಅವರ ಕೈಲಿದೆ."

ಮಾನ್ಯರೇ, ನಾನು ಏನೆಂದು ಪ್ರಾರ್ಥಿಸಲಿ? ಪೆಲಾಯರ ಮಾತು ನಿಜವಾದರೆ ಅಕ್ಕ ನಿಮ್ಮ ಮನೆಯೊಳಗೇ ಸುಟ್ಟುಹೋಗುತ್ತಾಳೆ. ನೀವು ಹೇಳುವಂತೆ ಅವರು ಹುಚ್ಚರೇ ಆಗಿದ್ದರೆ ಅವಳು ನಿಮ್ಮ ಬೀಸುಗಲ್ಲಿನ ಮುಂದೆ ಮುದುಕಿಯಾಗಿ ಸಾಯುತ್ತಾಳೆ. ಕೈ ಎತ್ತುತ್ತೇನೆ, ಹಾಗೇ ಇಳಿಸುತ್ತೇನೆ.

ಈ ಮುದುಕರು ಸುಳ್ಳುಗಾರರೆಂದು ಊರಿಗೆಲ್ಲ ತೋರಿಸಬೇಕೆಂಬ ಆಸೆ ನಿಮಗಿದೆ. ನನಗೂ ಇದೆ, ಅವರಿಗೂ ಇದೆ. ಮೂವರೂ ಒಂದೇ ವಿಷಯ ಬಯಸುವುದು ಈ ಊರಲ್ಲಿ ಅಪರೂಪ. ಅದಕ್ಕೆ ಕೋಳ ಬೇಕಿಲ್ಲ. ನಿಮ್ಮ ಮನೆಯ ಬಾಗಿಲು ತೆರೆದು ಅಟಾರಾಳನ್ನು ಕಳಿಸಿ. ಉಳಿದವರೂ ನಿಮ್ಮನ್ನು ನೋಡಿ ಕಳಿಸುತ್ತಾರೆ. ಮರಳಿ ಹಿಡಿದು ತಂದಾಗಲೂ ನಿಮ್ಮನ್ನು ನೋಡಿಯೇ ತಂದರಲ್ಲವೇ? ಇನ್ನೊಂದು ಕರು ಬೇಡ. ಕಿವಿಯ ತೂತು ಹಾಗೇ ಇರಲಿ. ಸೈನ್ಯ ಮರಳುವ ಮೊದಲು ಇದಾದರೆ ಬೆಂಕಿ ಬರುವುದಿಲ್ಲ. ಪೆಲಾಯರನ್ನು ಊರ ಮುಂದೆ ನಿಲ್ಲಿಸಿ ಹೊಟ್ಟೆ ತುಂಬ ನಗಿರಿ. ನಾನೂ ನಗುತ್ತೇನೆ. ನೀವು ಮಾಡುವುದಿಲ್ಲವೆಂದು ಗೊತ್ತು. ಆದರೂ ಕೇಳುತ್ತಿದ್ದೇನೆ.

ನಿನ್ನೆ ಗೀಹೋನಿನ ಬುಗ್ಗೆಗೆ ಅಕ್ಕ ನೀರಿಗೆ ಬಂದಿದ್ದಳು. ಕಿವಿ ಕೀವು ಕಟ್ಟಿತ್ತು. ಎಲ್ಲವನ್ನೂ ಹೇಳಿ, ಹೀಗೊಂದು ಪತ್ರ ಬರೆದರೆ ನಿನಗೆ ತೊಂದರೆಯಾಗುತ್ತದೆ ಎಂದೆ. "ಬರಿ ಹೋಗೋ. ಅವರಿಗೆ ಚುಚ್ಚೋಕೆ ನನ್ನ ಇನ್ನೊಂದು ಕಿವಿ ಬಾಕಿ ಇದೆ" ಎಂದು ಕೊಡ ಎತ್ತಿಕೊಂಡಳು. ಆಮೇಲೆ ನಿಂತು, "ದಾರಿ ತೆರೆದಿರುವಾಗ್ಲೇ ಯೊರ್ದನ್ ಹೊಳೆ ದಾಟಿ ಅಮ್ಮನ ಕಡೆಯವರ ಹತ್ರ ಹೋಗಿಬಿಡು. ಇಬ್ರೂ ಇಲ್ಲೇ ಇದ್ದು ಯಾರಿಗೇನು?" ಎಂದಳು. ನಾನು ಬೇಡ ಎನ್ನಲಿಲ್ಲ. ಇದನ್ನೂ ಬಚ್ಚಿಡುವುದಿಲ್ಲ: ಆ ಧೈರ್ಯದಿಂದಲೇ ಇಷ್ಟು ಬರೆದಿದ್ದೇನೆ.

ಇಂತಿ,
ನಿಮ್ಮನ್ನು ಪ್ರೀತಿಸುತ್ತೇನೆಂದು ಹೇಳಿದವಳ ತಮ್ಮ,
ಓದು ಮುಗಿಸದ ಎಲಾಸಾ

ಹುಡುಕಿಸುವ ಶ್ರಮ ಬೇಡ. ನಾಳೆ ಊರಬಾಗಿಲು ತೆರೆದ ಕೂಡಲೇ ಹೊರಡುತ್ತೇನೆ.