ಎಂಜಿನ್ ನನ್ನಲ್ಲಿ, ಗಾಡಿ ಅಲ್ಲಿ

ಮೇ 27, ಸೋಮವಾರ. ಬೆಳಿಗ್ಗೆ 7

ಎಂಜಿನ್‌ಗೆ ಎಣ್ಣೆ ಬಿಟ್ಟು ಕೈಯಲ್ಲಿ ತಿರುಗಿಸಿದೆ. ಹತ್ತೊಂಬತ್ತು ವರ್ಷದಿಂದ ಪ್ರತಿ ಸೋಮವಾರ ಇದೇ ಕೆಲಸ. ಯಳಂದೂರಿನ ಹತ್ತಿರ ಒಂದು ಆಲೆಮನೆಯಲ್ಲಿ ಕಬ್ಬು ಅರೆಯುತ್ತಿದ್ದ ಹಳೇ ಜೀಪಿನ ಎಂಜಿನ್ ಇದು. ಗುಜರಿಗೆ ಹೋಗುವುದನ್ನು ತಡೆದು ತಂದು, ಪೂರ್ತಿ ಬಿಚ್ಚಿ ಕಟ್ಟಿದ್ದೇನೆ. ಜೀಪಿಲ್ಲ, ಅಷ್ಟೇ. ಬ್ಲಾಕಿನ ಮೇಲೆ ನಂಬರ್ ಇದೆ. ಆ ನಂಬರಿನ ಆರ್‌ಸಿ ಬುಕ್ ಯಾರ ಮನೆಯಲ್ಲಿದೆಯೋ ಅವರ ಜೀಪಿಗೇ ಇದನ್ನು ಸೇರಿಸಬೇಕು. ಬೇರೆ ಜೀಪಿಗೆ ಹಾಕುವುದಿಲ್ಲ. ಹಠ ಅಂದರೆ ಹಠ.

ಕೊಳ್ಳೇಗಾಲದ ಗ್ಯಾರೇಜಿನವರೆಲ್ಲ ನಗುತ್ತಾರೆ. ಹೆಂಡತಿ ಕೋಮಲ ಎಂಜಿನ್ನಿನ ಟಾರ್ಪಲ್ ನೋಡಿ, “ನಂಗೂವೆ ಇಂತ ಒಂದ್ ಒದಿಕೆ ತಂದ್ಕೊಡಿ” ಅನ್ನುತ್ತಾಳೆ.

ಪಿಕಪ್ ಓಡಿಸುವ ನಿಂಗರಾಜು ಫೋನ್ ಮಾಡಿದ್ದ. “ಒಡೆಯರಪಾಳ್ಯದ ದಾರೀಲಿ ಒಂದ್ ಜೀಪ್ ಅದೆ ಕಣಣ್ಣ. ಇಂಜಿನ್ ಇಲ್ಲ.” ಹೋದ ಸಲ ಇವನ ಮಾತು ಕಟ್ಟಿಕೊಂಡು ಗೋಪಿನಾಥಂವರೆಗೂ ಹೋದರೆ ಟ್ರ್ಯಾಕ್ಟರ್ ಟ್ರೈಲರ್! ಪುಣ್ಯಾತ್ಮನಿಗೆ ಚಕ್ರ ಇದ್ದದ್ದೆಲ್ಲ ಜೀಪೇ.

ಜೂನ್ 2, ಭಾನುವಾರ

ಜೀಪೇ! ಹಿತ್ತಲಿನ ಹುಣಸೆಮರದ ಕೆಳಗೆ. ಟೈರ್ ಮಣ್ಣುಪಾಲು. ಸ್ಟೀರಿಂಗಿಗೆ ಹಸು ಕಟ್ಟಿದ್ದಾರೆ. ಹಿಂದಿನ ಸೀಟಿನಲ್ಲಿ ಕೋಳಿ ಕಾವಿಗೆ ಕೂತಿದೆ. ಅಡಿಯ ಛಾಸಿ ಗಟ್ಟಿ ಇದೆ, ಆದರೆ ಇನ್ನೆರಡು ಮಳೆಗಾಲ ನೆನೆದರೆ ಅದೂ ಇಲ್ಲ.

ಮನೆಯ ಮಗ ಶಿವರಾಜು, ಲೈನ್‌ಮನ್. ಟ್ರಂಕಿನಿಂದ ಆರ್‌ಸಿ ಬುಕ್ ತೆಗೆದು ಕೊಟ್ಟ. ಅವನ ಅಪ್ಪ ಮಹದೇವಯ್ಯನ ಹೆಸರಿನಲ್ಲಿದೆ. ತೀರಿಕೊಂಡು ಇಪ್ಪತ್ತೆರಡು ವರ್ಷವಂತೆ. ಎಂಜಿನ್ ನಂಬರ್ ಓದಿದೆ. ಅದೇ... ಒಂದಂಕಿಯೂ ಬೇರೆಯಿಲ್ಲ. ಎಂಜಿನ್ ನನ್ನಲ್ಲಿದೆ ಅನ್ನದೆ, ಗಾಡಿ ಕೊಡುತ್ತೀರಾ ಅಂತಷ್ಟೇ ಕೇಳಿದೆ.

“ತಕಂಡೋಗಿ ಸಾ, ಕೊಟ್ಗೆಗೆ ಜಾಗ ಆಯ್ತದೆ” ಅಂದ. ಅವನ ಅವ್ವ ರಾಮಮ್ಮ ಹುಣಸೆ ಬೀಜ ಬಿಡಿಸುತ್ತಾ ಕೂತಿದ್ದರು. ತಲೆ ಕೂಡ ಎತ್ತಲಿಲ್ಲ. “ಕೋಳಿ ಮರಿ ಮಾಡ್ಲಿ. ಆಮೇಲ್ ತಕಂಡೋಗು” ಅಂದರು. ಕಾವಿಗೆ ಕೂತು ಮೂರೇ ದಿನವಂತೆ. ಇನ್ನೂ ಹದಿನೆಂಟು ದಿನ!

ಜೂನ್ 11, ಮಂಗಳವಾರ

ಜೋರು ಮಳೆ. ಎಂಜಿನ್ ಬೆಚ್ಚಗಿದೆ, ಜೀಪು ನೆನೆಯುತ್ತಿದೆ. ಶಿವರಾಜುಗೆ ಫೋನ್ ಮಾಡಿ ಕೋಳಿ ಹೇಗಿದೆ ಅಂತ ವಿಚಾರಿಸಿದೆ. ಐವತ್ತಾರು ವರ್ಷದ ಮೆಕ್ಯಾನಿಕ್ ಕೇಳುವ ಪ್ರಶ್ನೆಯೇ ಇದು?

ಜೂನ್ 20, ಗುರುವಾರ. ಸಂಜೆ 6

ನನ್ನ ತಲೆ ಮೇಲೆ ನಾನೇ ಚಪ್ಪಡಿ ಎಳೆದುಕೊಂಡೆ.

ಮರಿಗಳಾಗಿವೆ, ಒಂಬತ್ತು. ಪಿಕಪ್, ಹಲಗೆ, ಚೈನು ಎಲ್ಲ ತಯಾರಿತ್ತು. ಆದರೆ ಪೂಜೆ ಮಾಡದೆ ಗಾಡಿಗೆ ಸ್ಪ್ಯಾನರ್ ಹಾಕಿದವನಲ್ಲ ನಾನು. ಬಾನೆಟ್ ತೊಳೆದು ವಿಭೂತಿ ಬಳಿದೆ. ಕುಂಕುಮ, ಸೇವಂತಿಗೆ ಹಾರ, ಚಕ್ರಕ್ಕೆ ನಿಂಬೆಹಣ್ಣು. ಕರ್ಪೂರ ಹಚ್ಚಿದೆ. ರಾಮಮ್ಮ ಎದ್ದು ಬಂದು ಸೆರಗು ಹೊದ್ದು ಮಂಗಳಾರತಿ ತೆಗೆದುಕೊಂಡರು.

“ಅವ್ರಿದ್ದಾಗ ಇಂಗೇ ಮಾಡೋರು.” ಆಮೇಲೆ, “ಪೂಜೆ ಆದ ಗಾಡಿಯ ಮನೆಯಿಂದ ಆಚೆ ಕಳ್ಸಕಾಯ್ತದಾ? ಬ್ಯಾಡ ಕಣಪ್ಪ.”

“ನೆನ್ನೆಗಂಟ ಹಸ ಕಟ್ತಿದ್ದಲ್ಲವ್ವಾ ಇದ್ಕೆ!” ಅಂದ ಶಿವರಾಜು.

“ನೆನ್ನೆ ಕಟ್ಟುದ್ದು ನೆನ್ನೇದು. ಹಸವ ಬಿಚ್ಚಿ ಅತ್ಲಾಗ್ ಕಟ್ಲಾ.”

ಖಾಲಿ ಪಿಕಪ್ ತಿರುಗಿಸುತ್ತಾ ನಿಂಗರಾಜು, “ಎತ್ ಹಾಕ್ಬುಟ್ಟು ಆಮೇಲ್ ಪೂಜೆ ಮಾಡ್ಬೋದಿತ್ತಲ್ಲಣ್ಣ” ಅಂದ.

ಜೂನ್ 24, ಸೋಮವಾರ

ಎಂಜಿನ್ ತಿರುಗಿಸಲಿಲ್ಲ.

ಜುಲೈ 7, ಭಾನುವಾರ

ಎರಡನೇ ದಡ್ಡತನ. ಎಂಜಿನ್ ನಂಬರಿನ ಫೋಟೋ ತೆಗೆದುಕೊಂಡು ಹೋದೆ. “ಈ ಗಾಡಿ ಎಂಜಿನ್ ನನ್ನ ಶೆಡ್ಡಲ್ಲಿ ಅದೆ ಅವ್ವಾ. ಗಾಡಿ ಕೊಡಿ, ಓಡಿಸಿ ತೋರುಸ್ತೀನಿ” ಅಂದೆ. ಎಲ್ಲಿ ಸಿಕ್ಕಿತು ಅಂತ ಕೇಳಿದರು. ಯಳಂದೂರಿನ ಆಲೆಮನೆ ಅಂದೆ. ರಾಮಮ್ಮನ ಮುಖ ಬಿಗಿಯಿತು.

ಆಲೆಮನೆಯವನು ಮಹದೇವಯ್ಯನ ಗೆಳೆಯನಂತೆ. ಒಂದು ಸುಗ್ಗಿ ಮಟ್ಟಿಗೆ ಅಂತ ಎಂಜಿನ್ ಬಿಚ್ಚಿ ಕೊಟ್ಟಿದ್ದರಂತೆ. ಸುಗ್ಗಿ ಮುಗಿಯುವುದರೊಳಗೆ ಮಹದೇವಯ್ಯ ತೀರಿಕೊಂಡರು. ಎಂಜಿನ್ ವಾಪಸ್ ಬರಲೇ ಇಲ್ಲ.

“ಬುಕ್ಕಲ್ಲಿ ಯಾರೆಸ್ರದೆ?”

“ಮಹದೇವಯ್ಯನವರದು.”

“ಅಂದ್ಮೇಲೆ ಇಂಜಿನ್ ಯಾರ್ದು?”

ಗಾಡಿ ಕೇಳಲು ಹೋದವನು ಎಂಜಿನ್ ಕಳೆದುಕೊಂಡು ಬಂದೆ.

ಜುಲೈ 8, ಸೋಮವಾರ

ಕೊಡುವುದಿಲ್ಲ. ಕದ್ದು ತಂದದ್ದಲ್ಲ. ಹತ್ತೊಂಬತ್ತು ವರ್ಷ ಸಾಕಿದವನು ನಾನು. ಕೋಮಲಳ ಹತ್ತಿರ ಕೂಗಾಡಿದೆ. ಅವಳು ಅನ್ನ ಬಡಿಸುತ್ತಾ, “ಗಾಡಿಗೆ ಸೇರುಸ್ಬೇಕು ಅಂತಿದ್ರಿ. ಯಾರ್ ಮನೇಲಿ ಅಂತ ಯಾವತ್ತೂ ಅಂದಿರ್ಲಿಲ್ಲ” ಅಂದಳು. ಊಟ ಬಿಟ್ಟು ಎದ್ದೆ.

ಆಗಸ್ಟ್ 19, ಸೋಮವಾರ

ಆರು ವಾರ ಬರೆದಿಲ್ಲ. ಬರೆಯಲು ಏನಿತ್ತು?

ಶಿವರಾಜು ಶೆಡ್ಡಿಗೆ ಬಂದಿದ್ದ. “ಅವ್ವ ಗಾಡಿ ಮ್ಯಾಲೆ ಶೀಟ್ ಹಾಕ್ಸವ್ರೆ ಸಾ. ದಿನಾ ಒರುಸ್ತರೆ. ಇಂಜಿನ್ ಬತ್ತದೆ ಅಂತ ಕೂತವ್ರೆ.” ತರುತ್ತೇನೆ ಅಂತ ನಾನು ಹೇಳಿದ್ದೇ ಇಲ್ಲ! ರೇಗಿತು. ಅವನು ಹೋದ ಮೇಲೆ ಟಾರ್ಪಲ್ ತೆಗೆದು ನೋಡುತ್ತಾ ಕೂತೆ. ಜೀಪು ಇನ್ನು ನೆನೆಯುವುದಿಲ್ಲ. ನನಗೆ ಬೇಕಾಗಿದ್ದದ್ದೂ ಅದೇ ಅಲ್ಲವೇ... ಹೊಟ್ಟೆ ಉರಿಯುತ್ತದೆ. ಆದರೂ ನಿಂಗರಾಜುಗೆ ಫೋನ್ ಮಾಡಿ, ಎಂಜಿನ್ ಸಾಗಿಸಲು ಪಿಕಪ್ ತರಲು ಹೇಳಿದೆ.

ಸೆಪ್ಟೆಂಬರ್ 15, ಭಾನುವಾರ. ಮಧ್ಯಾಹ್ನ 3, ಹುಣಸೆಮರದ ಕೆಳಗೆ

ಇದು ನಾಲ್ಕನೇ ಭಾನುವಾರ. ಹೊಸ ಟೈರ್ ಹಾಕಿದ್ದಾಯಿತು. ಎಂಜಿನ್ ಕೂತಿದೆ, ಬೋಲ್ಟುಗಳೆಲ್ಲ ಸಲೀಸಾಗಿ ಸೇರಿದವು. ಆದರೆ ಸ್ಟಾರ್ಟ್ ಆಗುತ್ತಿಲ್ಲ. ಹ್ಯಾಂಡಲ್ ತಿರುಗಿಸಿ ತಿರುಗಿಸಿ ಭುಜ ಬಿದ್ದುಹೋಯಿತು. ಕೆಮ್ಮುತ್ತದೆ, ಸಾಯುತ್ತದೆ. ಕಿಡಿ ಹಾರುವ ಪಾಯಿಂಟ್ ಉಜ್ಜಿದೆ, ಕಾರ್ಬೊರೇಟರ್ ಬಿಚ್ಚಿ ಒಣಗಿಸಿದೆ. ಶೆಡ್ಡಿನಲ್ಲಿ ಒಂದೇ ತಿರುವಿಗೆ ಎದ್ದೇಳುತ್ತಿತ್ತು, ಮುಂಡೇದು!

ರಾಮಮ್ಮ ಹೊಸ ಸೀರೆ ಉಟ್ಟು ಆಗಲೇ ಮುಂದಿನ ಸೀಟಿನಲ್ಲಿ ಕೂತಿದ್ದಾರೆ. ಇಳಿಯಿರಿ ಅಂದರೆ ಇಳಿಯುವುದಿಲ್ಲ.

“ಆವತ್ತು ಸುಮ್ನೆ ನಿಂತಿದ್ದ ಗಾಡಿಗೆ ಪೂಜೆ ಮಾಡ್ದೆ. ಇವತ್ಯಾಕ್ ಮಾಡ್ನಿಲ್ಲ?”

ಬೇಕಂತಲೇ ಮಾಡಿರಲಿಲ್ಲ. ಓಡಿದ ಮೇಲೆ ನನಗೇ ಕೊಟ್ಟಾರು ಅಂತ ಒಳಗೊಳಗೆ ಆಸೆ. ನಿಂಗರಾಜು ಕರ್ಪೂರದ ಡಬ್ಬಿ ಕೈಗಿಟ್ಟ. ಹಚ್ಚಿದರೆ ಮುಗಿಯಿತು, ಎಂಜಿನ್ ಕೂಡ ಈ ಮನೆಯದೇ.

3.40

ಹಚ್ಚಿದೆ. ಮೂರನೇ ತಿರುವಿಗೆ ಸ್ಟಾರ್ಟ್! ಕಾರ್ಬೊರೇಟರ್ ಒಣಗಿತ್ತೋ, ಕರ್ಪೂರವೋ, ಗೊತ್ತಿಲ್ಲ. ಹಸು ಹಗ್ಗ ಕಿತ್ತುಕೊಂಡು ಓಡಿದೆ. ರಾಮಮ್ಮ ಅಳುತ್ತಿದ್ದಾರೆ. ನನಗೂ ಕಣ್ಣು ಮಂಜು. ನಾನೇ ಓಡಿಸಬೇಕಂತೆ. ಬ್ರೇಕ್ ಇನ್ನೂ ಕಟ್ಟಿಲ್ಲ ಅವ್ವಾ ಅಂದೆ.

“ನಿಲ್ಸು ಅಂತ ನಿಂಗ್ಯಾರಂದ್ರು?”

ರಾಮಮ್ಮ ಹಾರ್ನ್ ಒತ್ತಿ ಕರೆಯುತ್ತಿದ್ದಾರೆ. ಹಾರ್ನ್ ಕೂಡ ಕೂಗುತ್ತಿದೆ, ಹೊರಟೆ—